ನಾಲ್ಕನೆಯ ಗಿರಣಿಯ ಗಡಿಗೆ

ನಾಲ್ಕನೆಯ ಗಿರಣಿಯ ಹೆಸರು ಬಂದಾಗ ಫಿರ್ಮಿನೊನ ಕಿವಿ ತುರಿಸತೊಡಗಿತು. ಮೊದಲ ಮೂರರ ತನಕ ಏನೂ ಆಗಿರಲಿಲ್ಲ. ಬಾಗಿಲ ಬಳಿ ಚೀಲದ ಮೇಲೆ ಕೂತು ಅರ್ಮಿಂದಾ ಟೀಚರು ದಿಬ್ಬದ ಐದು ಗಾಳಿಗಿರಣಿಗಳ ಬಗ್ಗೆ ತಾವು ಬರೆದ ಕಾಗದ ಓದುತ್ತಿದ್ದರು. ಅವನು ಗಿರಣಿ ಚಕ್ರದ ಹರಿದ ಹಾಯಿಬಟ್ಟೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದ. ಬೆಳಗಿನ ಹೊತ್ತು ಪೆನೆದಾದ ದಿಬ್ಬದ ಮೇಲೆ ಗಾಳಿ ಇರುವುದಿಲ್ಲ. ಬಡಗಾಳಿ ಏಳುವುದು ಊಟದ ಮೇಲೆ. ಗಾಳಿಯಿಲ್ಲದ ಹೊತ್ತಿನಲ್ಲಿ ಗಿರಣಿಯವನಿಗೆ ಬೇರೆಯವರ ಮಾತು ಕೇಳುವ ತಾಳ್ಮೆ ಇರುತ್ತದೆ. ಮೊದಲನೆಯದು ವಿಧವೆ ತ್ರಿಂದಾದೆಯದು. ಲಂಗವನ್ನು ಸೊಂಟಕ್ಕೆ ಕಟ್ಟಿಕೊಂಡು ಇಪ್ಪತ್ತು ವರ್ಷ ಬೀಸಿದವಳು, ಮದುವೆಯಾಗಲು ಬಂದ ಮೂವರಿಗೆ ತೂಕದ ಕಲ್ಲು ತೋರಿಸಿ ಓಡಿಸಿದವಳು. ಎರಡನೆಯದು ಮಾತು ಬಿಟ್ಟ ಅಣ್ಣತಮ್ಮಂದಿರದು. ಒಬ್ಬ ಹಗಲು ಬೀಸುತ್ತಿದ್ದ, ಒಬ್ಬ ಇರುಳು, ನಡುವೆ ಕೀಲಿಕೈ ಕಲ್ಲಿನ ಕೆಳಗೆ. ಮೂರನೆಯದನ್ನು ಲಿಸ್ಬನ್ನಿನ ದಂತವೈದ್ಯ ಕೊಂಡು ಒಳಗೆ ಮಂಚ ಹಾಕಿಸಿದ್ದಾನೆ. ಟೀಚರು ಮಂಚದ ವಿಷಯ ಬರೆದಿರಲಿಲ್ಲ. 'ಈಗ ವಾಸಕ್ಕೆ ಬಳಕೆಯಲ್ಲಿದೆ' ಎಂದಿತ್ತು. ಫಿರ್ಮಿನೊ ಅದಕ್ಕೆ ನಕ್ಕಿದ್ದ. ಆಮೇಲೆ ಟೀಚರು ಪುಟ ತಿರುಗಿಸಿ, ಶಾಲೆಯಲ್ಲಿ ಉಕ್ತಲೇಖನ ಹೇಳುತ್ತಿದ್ದ ಅದೇ ದನಿಯಲ್ಲಿ ಓದಿದರು: 'ನಾಲ್ಕನೆಯ ಗಿರಣಿ ಒಲೆಗಾರಿಯೊ ತವಾರಿಸನದು. ಗಿರಣಿಯವನು ಕುಡಿದು ಮಲಗಿದ್ದರಿಂದ ಗಾಳಿ ಏರಿದ್ದು ತಿಳಿಯದೆ ಸುಟ್ಟುಹೋಯಿತು.'

"ಸರಿ ಇದೆಯಾ ಫಿರ್ಮಿನೊ? ತಪ್ಪಿದ್ರೆ ಈಗ್ಲೇ ಹೇಳು. ನಾಲ್ಕು ಗಂಟೆಗೆ ಬಿಲ್ಲೆ ಸುಡೋನ ವ್ಯಾನು ಬರುತ್ತೆ. ಒಂದ್ಸಲ ಭಟ್ಟಿಗೆ ಹೋಯ್ತು ಅಂದ್ರೆ ಆಮೇಲೆ ಬಿಷಪ್ಪೇ ಬಂದ್ರೂ ತಿದ್ದಕ್ಕಾಗಲ್ಲ."

"ಹೆಸರು ಸರಿ ಇದೆ."

"ಮತ್ತೆ ಮುಖ ಯಾಕೆ ಹಾಗೆ ಮಾಡ್ದೆ?"

"ಸೂಜಿ ಚುಚ್ತು."

ಸೂಜಿ ಚುಚ್ಚಿರಲಿಲ್ಲ. ಊರ ನಲ್ಲಿಕಟ್ಟೆಯ ಗೋಡೆಗೆ ಹಚ್ಚುವ ನೀಲಿ ಪಿಂಗಾಣಿ ಬಿಲ್ಲೆಗಳ ಮೇಲೆ ಐದು ಗಿರಣಿಗಳ ಚರಿತ್ರೆ ಬರೆಸುವ ಯೋಚನೆ ಪಂಚಾಯ್ತಿಯದು. ಆದರೆ ಬೇಕು ಎಂದು ಎರಡು ವರ್ಷ ಜಗಳವಾಡಿದವನು ಫಿರ್ಮಿನೊ. ಸಭೆಯಲ್ಲಿ ಮೇಜು ಗುದ್ದಿದ್ದ. ಗಿರಣಿಯವರನ್ನು ಮರೆತ ಊರು ಊರಲ್ಲ ಎಂದು ಕೂಗಿದ್ದ. ಈಗ ಐದನೆಯದು ಬಂತು, ಅವನದೇ. ಅಪ್ಪ ಜನುವಾರಿಯೊನ ಬಗ್ಗೆ ನಾಲ್ಕು ಸಾಲು: ನಿಯತ್ತಿನ ತೂಕ, ತಣ್ಣನೆ ಹಿಟ್ಟು, ಸೂಕ್ಷ್ಮ ಕಿವಿ. ಕೊನೆಗೆ, 'ಮಗ ಫಿರ್ಮಿನೊ ಗಡಿಗೆಗಳ ದನಿಯಿಂದಲೇ ಗಾಳಿಯನ್ನು ಅಳೆಯಬಲ್ಲ ಕೊನೆಯ ಗಿರಣಿಯವನು.' ಆ ಮಾತು ಕಿವಿಗೆ ಬಿದ್ದಾಗ ಅವನ ಎದೆ ಉಬ್ಬಿತು. ಉಬ್ಬಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಟೀಚರು ಹೊರಟು, ಅವರ ಕೊಡೆ ದಿಬ್ಬದ ತಿರುವಿನಲ್ಲಿ ಮರೆಯಾಗುವ ತನಕ ಅವನು ಒಂದೇ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಹಾಕಿದ.

ಅವನು ಅಳುಕಿನ ಮನುಷ್ಯನಲ್ಲ. ಐವತ್ತೈದನೆಯ ವಯಸ್ಸಿನಲ್ಲೂ ಚೀಲವನ್ನು ಒಂದೇ ಎಳೆತಕ್ಕೆ ಬೆನ್ನಿಗೇರಿಸುತ್ತಾನೆ. ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಕಲ್ಲಿನ ಅಂತರ ಹೇಳುತ್ತಾನೆ. ಅವನ ಹಿಟ್ಟಿನ ಬಗ್ಗೆ ತಕರಾರು ತೆಗೆದವರು ಬಾಗಿಲಿನಿಂದಲೇ ಬೈಸಿಕೊಂಡು ಹೋಗಿದ್ದಾರೆ. ಇದೆಲ್ಲ ನಿಜ, ಇದರಲ್ಲಿ ಜಂಬವೇನೂ ಇಲ್ಲ. ಹಾಗಿದ್ದೂ ಇವತ್ತು ಕೈ ಹೊಲಿಗೆಯ ಮೇಲೆ ನಿಲ್ಲಲಿಲ್ಲ. ಹೊರಗೆ ನಿಂತ ಚಕ್ರದ ಹಗ್ಗಗಳಲ್ಲಿ ಗಡಿಗೆಗಳು ಬಾಯಿ ತೆರೆದುಕೊಂಡು ನೇತಾಡುತ್ತಿದ್ದವು. ತೆಳ್ಳಗಿನ ಬಾಯಿಯ ಮಣ್ಣಿನ ಗಡಿಗೆಗಳು, ಮುಷ್ಟಿಯಷ್ಟರಿಂದ ಮಗುವಿನ ತಲೆಯಷ್ಟರವರೆಗೆ. ಗಾಳಿ ಬಂದು ಚಕ್ರ ತಿರುಗಿದರೆ ದೊಡ್ಡವು ಮೊದಲು ಗುಂಯ್ಗುಡುತ್ತವೆ. ಗಾಳಿ ಏರಿದಷ್ಟೂ ದನಿ ಏರುತ್ತದೆ, ಸಣ್ಣವು ಸೇರಿಕೊಳ್ಳುತ್ತವೆ. ಸಣ್ಣವು ಕಿರುಚಿದರೆ ಗಿರಣಿಯವನು ಎಲ್ಲಿದ್ದರೂ ಓಡಿಬಂದು ಬ್ರೇಕು ಎಳೆದು ಹಾಯಿ ಸುತ್ತಬೇಕು. ಬೀಸುಕಲ್ಲಿನ ಗಡಗಡಕ್ಕೆ ಗಿರಣಿಯವನಿಗೆ ಎಚ್ಚರವಾಗುವುದಿಲ್ಲ, ಹುಟ್ಟಿದಾಗಿನಿಂದ ಅದರಲ್ಲೇ ಮಲಗಿದವನು. ಅವನನ್ನು ಎಬ್ಬಿಸುವುದು ಗಡಿಗೆ ಮಾತ್ರ. ಒಂದೊಂದು ಗಿರಣಿಯ ಗಡಿಗೆಗೆ ಒಂದೊಂದು ದನಿ. ಹೊಲದಲ್ಲಿ ಬಗ್ಗಿದ ಹೆಂಗಸರು ತಲೆ ಎತ್ತದೆ ಹೇಳುತ್ತಿದ್ದರು, ಈಗ ಓಡ್ತಿರೋದು ತ್ರಿಂದಾದೆದು, ಈಗ ಜನುವಾರಿಯೊಂದು ಎಂದು. ಒಲೆಗಾರಿಯೊ ಮಾತ್ರ ದೊಡ್ಡ ಗಡಿಗೆಗಳಿಗೆ ಬೇರೆ ಮಣ್ಣು ತರಿಸುತ್ತಿದ್ದ. ಅವನವು ಕೆಳಗಿನ ದನಿಯಲ್ಲಿ, ಮುದುಕನೊಬ್ಬ ಊಟವಾದ ಮೇಲೆ ಗುನುಗುವ ಹಾಗೆ ಹಾಡುತ್ತಿದ್ದವು.

ಸಂತ ಆಂತೋನಿಯ ಹಬ್ಬದ ದಿನ ಬಾಲ್ತಜಾರನ ಹೆಂಡದಂಗಡಿಯ ಅಂಗಳದಲ್ಲಿ ಒಂದು ಆಟವಿತ್ತು. ದಿಬ್ಬಕ್ಕೆ ಬೆನ್ನು ಹಾಕಿ ಕೂರಬೇಕು, ಕಣ್ಣು ಮುಚ್ಚಬೇಕು. ಮೇಲೆ ಯಾವುದೋ ಒಂದು ಗಿರಣಿಯ ಹಾಯಿ ಬಿಚ್ಚುತ್ತಾರೆ. ಯಾರದು ಎಂದು ಹೇಳಬೇಕು. ಅವತ್ತು ಸುಟ್ಟ ಸಾರ್ಡಿನ್ ಮೀನಿನ ಹೊಗೆಯಲ್ಲಿ ಹತ್ತೊಂಬತ್ತರ ಫಿರ್ಮಿನೊ ಕೂತಿದ್ದ, ಹೊಸ ಅಂಗಿ, ಹಣೆಗೆ ನೀರು ಹಚ್ಚಿ ಬಾಚಿದ ಕೂದಲು. ದನಿ ಬಂತು. ಅವನು ಕಾಯಲೇ ಇಲ್ಲ. "ನಮ್ಮಪ್ಪಂದು" ಎಂದ. ಅಂಗಳವೆಲ್ಲ ನಕ್ಕಿತು. ಅದು ಒಲೆಗಾರಿಯೊನದಾಗಿತ್ತು. ಒಲೆಗಾರಿಯೊ ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಬಿಡ್ರಪ್ಪ, ನಗಬೇಡಿ, ಅಪ್ಪನ ದನಿ ಗುರ್ತು ಸಿಗದೋನಿಗೆ ಇನ್ನೂ ಟೈಮಿದೆ. ದರ್ಜಿ ಕೆಲಸ ಕಲೀಲಿ. ಬಟ್ಟೆಗೆ ಕಿವಿ ಬೇಡ" ಎಂದ. ಅದರಲ್ಲಿ ವಿಷವೇನೂ ಇರಲಿಲ್ಲ. ಹಬ್ಬದ ಮಾತು. ಆದರೆ ನಕ್ಕವರಲ್ಲಿ ಒಲೆಗಾರಿಯೊನ ಮಗಳು ಇದಾಲಿನಾ ಇದ್ದಳು, ನಗುತ್ತ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೊಸ ಅಂಗಿಯ ಕಾಲರು ಅವನ ಕುತ್ತಿಗೆಯನ್ನು ಕೊಯ್ಯುತ್ತಿತ್ತು. ಇಷ್ಟೇ. ಇಷ್ಟಕ್ಕೆ.

ಮಧ್ಯಾಹ್ನವಾಗುವ ಹೊತ್ತಿಗೆ ಹಾಯಿಯನ್ನು ಮಡಚಿಟ್ಟು ಅವನು ಎದ್ದ. ಎದ್ದು ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ ನೀರು ಕುಡಿದ. ಅವತ್ತೂ ಹೀಗೇ ಮಧ್ಯಾಹ್ನ. ಹಬ್ಬ ಕಳೆದ ನಾಲ್ಕನೆಯ ದಿನ, ಗಾಳಿ ಸತ್ತ ಹೊತ್ತು, ಊರೆಲ್ಲ ಊಟಕ್ಕೆ ಕೂತಿತ್ತು. ಒಲೆಗಾರಿಯೊ ಹಾಯಿ ಬಿಟ್ಟು, ಬ್ರೇಕು ತೆಗೆದು, ಒಳಗೆ ಚೀಲಗಳ ಮೇಲೆ ಮಲಗಿದ್ದ; ಗಾಳಿ ಎದ್ದರೆ ಚಕ್ರ ತಾನೇ ತಿರುಗಲಿ, ಗಡಿಗೆ ಎಬ್ಬಿಸುತ್ತವೆ ಎಂದು. ದಿಬ್ಬದ ಗಿರಣಿಯವರೆಲ್ಲ ಮಾಡುತ್ತಿದ್ದದ್ದು ಅದನ್ನೇ. ಫಿರ್ಮಿನೊ ಹರಿದ ಗೋಣಿಯ ತುಂಡುಗಳನ್ನು ಅಂಗಿಯೊಳಗೆ ತುಂಬಿಕೊಂಡು ಹೋಗಿದ್ದ. ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಒಂದೊಂದು ಹಗ್ಗವನ್ನೂ ಕೆಳಗೆ ತಂದು, ಇಪ್ಪತ್ತೆರಡು ಗಡಿಗೆಗಳ ಬಾಯಿಗೂ ಗೋಣಿ ತುರುಕಿದ. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಗಾಳಿ ಎದ್ದು, ಕಲ್ಲಿನ ಮೇಲಿನ ಬಾನಿಯ ಕಾಳು ಮುಗಿದು, ಕಲ್ಲಿಗೆ ಕಲ್ಲು ಉಜ್ಜಿ ಬೀಸುಕಲ್ಲಿನ ಹಲ್ಲು ಸವೆಯಲಿ, ಒಲೆಗಾರಿಯೊ ವಾರವಿಡೀ ಕೂತು ಉಳಿಯಿಂದ ಅದನ್ನು ಕೆತ್ತಲಿ, ಯಾರಿಗೆ ಕಿವಿ ಇಲ್ಲ ಎಂದು ಊರು ನೋಡಲಿ. ಬೆಂಕಿಯ ಯೋಚನೆ ಬರಲಿಲ್ಲ ಎಂದು ಅವನು ಮೂವತ್ತಾರು ವರ್ಷ ತನಗೆ ಹೇಳಿಕೊಂಡು ಬಂದಿದ್ದಾನೆ. ಕಲ್ಲಿಗೆ ಕಲ್ಲು ತಾಗಿದರೆ ಕಿಡಿ ಹಾರುತ್ತದೆ ಎಂದು ಗಿರಣಿಯವನ ಮಗನಿಗೆ ಯಾರಾದರೂ ಹೇಳಿಕೊಡಬೇಕೇ? ಆದರೂ ಮನಸ್ಸು ಹೋಗಿ ನಿಲ್ಲುವುದು ಅಲ್ಲಲ್ಲ. ಅದು ನಿಲ್ಲುವುದು ಆಮೇಲಿನ ಕಾಲು ಗಂಟೆಯಲ್ಲಿ. ಗಾಳಿ ಎದ್ದಿತ್ತು. ದಿಬ್ಬದಲ್ಲಿ ಉಳಿದ ನಾಲ್ಕೂ ಗಿರಣಿ ಹಾಡುತ್ತಿದ್ದವು. ಅಪ್ಪ ಜರಡಿ ನಿಲ್ಲಿಸಿ ತಲೆ ಎತ್ತಿದ. ಬಂಡೆಯ ಮರೆಗಿದ್ದ ನಾಲ್ಕನೆಯದು ಇಲ್ಲಿಂದ ಕಾಣುತ್ತಿರಲಿಲ್ಲ. "ಒಲೆಗಾರಿಯೊಂದು ಯಾಕೋ ಹಾಡ್ತಿಲ್ಲ?" ಎಂದ. "ಹಾಯಿ ಸುತ್ತಿರ್ಬೇಕು" ಎಂದ ಮಗ. ಅಪ್ಪ ಮತ್ತೆ ಜರಡಿ ಆಡಿಸಿದ. ಆಗ ಓಡಿದ್ದರೆ ಆಗುತ್ತಿತ್ತು. ಓಡುವುದಕ್ಕೆ ಅವನಿಗೆ ಕಾಲಿತ್ತು.

ಒಲೆಗಾರಿಯೊ ಎರಡೂ ಅಂಗೈ ಸುಟ್ಟುಕೊಂಡು ಹೊರಗೆ ಬಂದಿದ್ದ. ಓಡಿಬಂದವರಿಗೆ ಅವನ ಬಾಯಿಂದ ಊಟದ ಹೊತ್ತಿನ ಹೆಂಡದ ವಾಸನೆ ಬಂತು. ಒಂದು ಲೋಟ, ಎಲ್ಲರೂ ಕುಡಿಯುವ ಒಂದು ಲೋಟ. ಅಷ್ಟು ಸಾಕಾಯಿತು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆಮೇಲೆ ಹನ್ನೊಂದು ವರ್ಷ ಜನುವಾರಿಯೊನ ಗಿರಣಿಯಲ್ಲಿ ಚೀಲ ಹೊತ್ತ, ಇದೇ ಏರಿನಲ್ಲಿ. ಮಳೆಗಾಲದಲ್ಲೊಮ್ಮೆ ಚೀಲ ಜಾರಿ ಕೆಸರಿಗೆ ಬಿದ್ದು ಒಡೆದಾಗ ಫಿರ್ಮಿನೊಗೆ ಸಿಟ್ಟು ನೆತ್ತಿಗೇರಿತ್ತು. ಐದಾರು ಗಿರಾಕಿಗಳ ಎದುರು, "ಕುಡುಕ ಕುಡುಕನೇ" ಎಂದುಬಿಟ್ಟಿದ್ದ. ಒಲೆಗಾರಿಯೊ ಕೆಸರಿನಿಂದ ಜೋಳ ಬಾಚುತ್ತ, ತಲೆ ಎತ್ತಿ, ಬಹಳ ಹೊತ್ತು ನೋಡಿ, "ಚೀಲ ಒದ್ದೆ ಇತ್ತು, ಧಣಿ" ಎಂದಿದ್ದ. ಆ ಧಣಿ ಎಂಬ ಮಾತು. ಹೇಳಿದವನು ಫಿರ್ಮಿನೊಗಿಂತ ಮೂವತ್ತು ವರ್ಷ ದೊಡ್ಡವನು.

ಯಾವಾಗ ದಿಬ್ಬ ಇಳಿಯತೊಡಗಿದನೋ ಅವನಿಗೇ ಗೊತ್ತಾಗಲಿಲ್ಲ. ಕಾಲು ಇದಾಲಿನಾಳ ಮನೆಯ ಕಡೆ ಹೋಗುತ್ತಿತ್ತು. ಅವಳು ಜೋಳದ ರೊಟ್ಟಿ ಸುಟ್ಟು ಮೂರು ಊರಿಗೆ ಕೊಡುವವಳು. ಮೂವತ್ತು ವರ್ಷದಿಂದ ಅವನ ಗಿರಣಿಯಲ್ಲೇ ಬೀಸಿಸುತ್ತಾಳೆ. ಪ್ರತಿ ಸಲ ಚೀಲಕ್ಕೆ ಮೊಣಕೈ ತನಕ ಕೈ ಹಾಕಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, "ಬಿಸಿಯಾಗಿಲ್ಲ ತಾನೇ?" ಎನ್ನುತ್ತಾಳೆ. ಕಲ್ಲು ಜೋರಾಗಿ ಓಡಿದರೆ ಹಿಟ್ಟು ಬಿಸಿಯಾಗುತ್ತದೆ, ರೊಟ್ಟಿ ಕಹಿಯಾಗುತ್ತದೆ. ಬೇರೆ ಯಾರು ಕೇಳಿದ್ದರೂ ಅವನು ಬಾಗಿಲು ತೋರಿಸುತ್ತಿದ್ದ. ಅವಳಿಗೆ ಮಾತ್ರ, "ಇಲ್ಲ, ತಣ್ಣಗಿದೆ" ಎಂದು ಮೂವತ್ತು ವರ್ಷ ಉತ್ತರ ಕೊಟ್ಟಿದ್ದಾನೆ.

ಅವಳು ಅಂಗಳದಲ್ಲಿ ರೊಟ್ಟಿಯ ಹಲಗೆ ತೊಳೆಯುತ್ತಿದ್ದಳು.

"ಏನಯ್ಯ, ಗಿರಣಿಯೋನು ದಿಬ್ಬ ಇಳಿದು ಬಂದಿದ್ದಾನೆ. ಯಾರು ಸತ್ರು?"

"ಯಾರೂ ಸತ್ತಿಲ್ಲ. ಬಿಲ್ಲೆ ಮೇಲೆ ಬರ್ಯೋದನ್ನ ಟೀಚರು ಓದಿದ್ರು."

"ನನಗೂ ಓದಿದ್ರು. ನಿನ್ನೆ."

"ನೀನೇನಂದೆ?"

"ಅಕ್ಷರ ದುಂಡಗಿದೆ ಅಂದೆ."

ಅವನು ನಿಂತೇ ಹೇಳಿದ. ಕೂತು ಹೇಳಬಾರದು ಎನಿಸಿತು. ಗೋಣಿ, ಇಪ್ಪತ್ತೆರಡು ಗಡಿಗೆ, ಗೊರಕೆ, ಅಪ್ಪ ಕೇಳಿದ್ದು, ತಾನು ಹೇಳಿದ ಸುಳ್ಳು. ದನಿ ಗಟ್ಟಿಯಾಗಿಯೇ ಬಂತು, ಜಗಳವಾಡುವ ಹಾಗೆ. ಬೇರೆ ದನಿ ಅವನಲ್ಲಿ ಇರಲೂ ಇಲ್ಲ. ಇದಾಲಿನಾ ಹಲಗೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಕೊನೆಯ ನೀರು ಸುರಿದು, ಹಲಗೆಯನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಗಡಿಗೆ ಇತ್ತು, ಮಗುವಿನ ತಲೆಯಷ್ಟರದು, ಕಪ್ಪು ಮಣ್ಣಿನದು. ಅದರ ಬಾಯಲ್ಲಿ ಗೋಣಿಯ ಮುದ್ದೆ ಹಾಗೇ ಇತ್ತು. ಗೋಣಿಯ ಮೇಲೆ ಎರಡು ನೀಲಿ ಗೆರೆ. ಜನುವಾರಿಯೊನ ಚೀಲದ ಗುರುತು. ಚಕ್ರ ಹುಚ್ಚೆದ್ದು ತಿರುಗುವಾಗ ಕಿತ್ತುಹೋಗಿ ದ್ರಾಕ್ಷಿ ಬಳ್ಳಿಯ ಮೇಲೆ ಬಿದ್ದಿತ್ತಂತೆ. ಮಾರನೆಯ ದಿನ ಸಿಕ್ಕಿತಂತೆ.

ಫಿರ್ಮಿನೊ ತೊಳೆದ ಹಲಗೆಯ ಪಕ್ಕದ ಕಲ್ಲಿನ ಮೇಲೆ ಕೂತ.

"ನಿಮ್ಮಪ್ಪ ಇದನ್ನ ನೋಡಿದ್ನಾ?"

"ನೋಡದೆ ಏನು. ಕೈಗೆ ಬಟ್ಟೆ ಸುತ್ತಿತ್ತು, ನಾನೇ ಎತ್ತಿ ಹಿಡಿದೆ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಹನ್ನೊಂದು ವರ್ಷ ನಮ್ಮ ಚೀಲ ಹೊತ್ತ."

"ನಾನೂ ಕೇಳ್ದೆ. ಕಿರುಚಾಡ್ದೆ. ಅಪ್ಪ ಅಂದ, 'ಕುಡುಕ ಅನ್ಲಿ ಬಿಡು. ಕುಡುಕ ಕುಡಿಯೋದು ಬಿಟ್ರೆ ನಾಳೆ ಯಾರಾದ್ರೂ ಗಿರಣಿ ಕೊಟ್ಟಾರು. ಚಕ್ರ ತಿರುಗ್ತಿದ್ರೂ ಗಡಿಗೆ ಸುಮ್ಮನಿದ್ದಿದ್ದು ಗೊತ್ತಾಗ್ದೆ ಮಲಗಿದ್ದ ಅಂದ್ರೆ ನನ್ನ ಯಾವ ನನ್ಮಗ ಗಿರಣಿಯೋನು ಅಂತಾನೆ?' ಅಂದ." ಅವಳು ಗಡಿಗೆಯ ಹೊಟ್ಟೆಯನ್ನು ಲಂಗದ ಅಂಚಿನಿಂದ ಒರೆಸಿದಳು. "ದನಿ ಬಂದ್ರೆ ಏಳೋನು ಬರೀ ಗಿರಣಿಯೋನಂತೆ. ದನಿ ನಿಂತ್ರೆ ಏಳೋನು ನಿಜವಾದೋನಂತೆ. ಸಾಯೋತನಕ ಅದೇ. ನಿನ್ನ ಮೇಲೆ ಸಿಟ್ಟಿರ್ಲಿಲ್ಲ ಅಂದ್ಕೋಬೇಡ. ಇತ್ತು. ತನ್ನ ಕಿವಿ ಮೇಲೆ ಅದಕ್ಕಿಂತ ಜಾಸ್ತಿ ಇತ್ತು."

'ಚೀಲ ಒದ್ದೆ ಇತ್ತು, ಧಣಿ.' ಕೆಸರಿನಲ್ಲಿ ಕೂತು ಆ ಮನುಷ್ಯ ನೋಡಿದ ನೋಟ. ಬಿಡಿಸಿ ಹೇಳಿದ್ದರೆ ಅವತ್ತೇ, ಐದಾರು ಜನರ ಎದುರಿಗೇ, ಫಿರ್ಮಿನೊನ ಕತೆ ಮುಗಿಯುತ್ತಿತ್ತು. ಹೇಳದೆ ಜೋಳ ಬಾಚಿದ್ದ. ಮಣ್ಣು ತೆಗೆದು, ಒಂದೊಂದೇ ಕಾಳು.

"ನಾನು ಟೀಚರಿಗೆ ಹೇಳ್ತೀನಿ" ಎಂದ ಫಿರ್ಮಿನೊ. "ಕುಡಿದಿದ್ದ ಅನ್ನೋದು ತೆಗೆಸ್ತೀನಿ. ಆದ್ರೆ ಗಡಿಗೆ ಮಾತು ಹೇಳಿದ್ರೆ ಅವನು ಬಚ್ಚಿಟ್ಟಿದ್ದೂ ಹೊರಗೆ ಬೀಳುತ್ತೆ. ನೀನು ಬೇಡ ಅಂದ್ರೆ—"

"ಅಪ್ಪ ಮಲಗಿದ್ದು ನಿಜ. ಮಲಗಿದ್ದ ಅಂತಾನೇ ಇರ್ಲಿ. ಈಗ ಅವನಿಗೆ ಯಾರೂ ಗಿರಣಿ ಕೊಡ್ಬೇಕಾಗಿಲ್ಲ." ಇದಾಲಿನಾ ಗಡಿಗೆಯನ್ನು ಅವನ ತೊಡೆಯ ಮೇಲೆ ಇಟ್ಟಳು. "ಇದನ್ನ ತಗೊಂಡು ಹೋಗು. ಮೂವತ್ತಾರು ವರ್ಷ ನಾನು ಧೂಳು ಒರೆಸಿದ್ದೀನಿ. ಇನ್ಮೇಲೆ ನೀನು ಒರೆಸು."

"ಇದಾಲಿನಾ, ನಾನು—"

"ಆ ಮಾತು ಬೇಡ. ಗುರುವಾರ ಬರ್ತೀನಿ, ಎರಡು ಚೀಲ ಇದೆ. ಹಿಟ್ಟು ಬಿಸಿಯಾದ್ರೆ ನೋಡು."

ಏರು ಹತ್ತುವಾಗ ಬಡಗಾಳಿ ಎದ್ದಿತು. ಗಡಿಗೆಯನ್ನು ಅವನು ಎರಡೂ ಕೈಯಲ್ಲಿ ಹಿಡಿದಿದ್ದ. ಅದು ಹಗುರವಾಗಿತ್ತು, ಚೀಲ ಹೊತ್ತ ಬೆನ್ನಿಗೆ ಅದೊಂದು ಭಾರವೇ ಅಲ್ಲ. ಆದರೂ ಎರಡು ಕಡೆ ನಿಂತ. ನಾಲ್ಕನೆಯ ಗಿರಣಿಯ ಗೋಡೆ ಮೊಣಕಾಲೆತ್ತರಕ್ಕೆ ಉಳಿದಿದೆ, ಒಳಗೆ ಅಂಜೂರದ ಗಿಡ ಬೆಳೆದಿದೆ. ಮೊದಲೆಲ್ಲ ಅವನು ಅದರ ಮುಂದೆ ಹಾಯುವಾಗ ಸಿಗರೇಟು ಹೊತ್ತಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದ. ಇವತ್ತು ನೋಡಿದ. ನೋಡಬಹುದು, ಏನೂ ಆಗುವುದಿಲ್ಲ. ಇಷ್ಟು ವರ್ಷ ನೋಡದೆ ಇದ್ದದ್ದಕ್ಕೆ ತನ್ನನ್ನು ತಾನೇ ಬೈದುಕೊಂಡ. ಆ ಬೈಗುಳದಲ್ಲಿ ಅವನಿಗೆ ಪರಿಚಯದ ತನ್ನ ಹಳೆಯ ಗಟ್ಟಿತನ ವಾಪಸು ಬಂತು.

ಗಿರಣಿಯ ಮುಂದೆ ನಿಂತು ಗೋಣಿಯನ್ನು ಎಳೆದ. ಬರಲಿಲ್ಲ. ಹತ್ತೊಂಬತ್ತರ ಬೆರಳು ಬಹಳ ಬಿಗಿಯಾಗಿ ತುರುಕಿತ್ತು. ಹೊಲಿಗೆಯ ದಬ್ಬಣ ತಂದು ಎಳೆಎಳೆಯಾಗಿ ಕಿತ್ತ. ಒಳಗಿನಿಂದ ಸ್ವಲ್ಪ ಹಳೆಯ ಹಿಟ್ಟು ಉದುರಿತು, ಬೂದಿಯ ಬಣ್ಣದ್ದು. ತನ್ನ ದೊಡ್ಡ ಗಡಿಗೆಗಳನ್ನೆಲ್ಲ ಹಗ್ಗದಿಂದ ಬಿಚ್ಚಿ ನೆಲದ ಮೇಲಿಟ್ಟ. ಒಲೆಗಾರಿಯೊನ ಗಡಿಗೆಯೊಂದನ್ನೇ ಕಟ್ಟಿದ, ಎರಡು ಗಂಟು, ಮೇಲೊಂದು. ಹೊಲಿದ ಹಾಯಿಯನ್ನು ಏರಿಸಿ, ಬಾನಿಗೆ ಜೋಳ ಸುರಿದು, ಬ್ರೇಕು ಬಿಟ್ಟ.

ಮೊದಲ ಮೂರು ಸುತ್ತು ಏನೂ ಇಲ್ಲ. ಒಡೆದಿರಬೇಕು, ಕಣ್ಣಿಗೆ ಕಾಣದ ಬಿರುಕು ಇರಬೇಕು ಎಂದುಕೊಂಡ. ನಾಲ್ಕನೆಯ ಸುತ್ತಿಗೆ ಗಡಿಗೆ ಕೆಮ್ಮಿದ ಹಾಗೆ ಮಾಡಿತು. ಆಮೇಲೆ ಹಾಡಿತು. ಊಟವಾದ ಮುದುಕನ ಗುನುಗು, ಕೆಳಗಿನ ದನಿ, ದ್ರಾಕ್ಷಿ ಬಳ್ಳಿಗಳ ಮೇಲೆ ಹಾದು ಊರಿಗೆ ಇಳಿಯಿತು.

ಕೆಳಗೆ ನಲ್ಲಿಕಟ್ಟೆಯ ಬಳಿ ಜನ ಸೇರಿದ್ದರು. ಬಿಲ್ಲೆ ಸುಡುವವನ ಬಿಳಿ ವ್ಯಾನು ಬಂದಿತ್ತು. ಫಿರ್ಮಿನೊಗೆ ಇಲ್ಲಿಂದ ಟೀಚರ ಕೊಡೆ ಕಾಣುತ್ತಿತ್ತು. ಕೊಡೆ ಅಲುಗದೆ ನಿಂತಿತು. ಅದರ ಪಕ್ಕ ಬಾಲ್ತಜಾರ, ಎಂಬತ್ತು ದಾಟಿದವನು, ಹೆಂಡದಂಗಡಿಯ ಕುರ್ಚಿಯಿಂದ ಎದ್ದದ್ದು ಕಂಡಿತು. ಎದ್ದು ದಿಬ್ಬದ ಕಡೆ ತಿರುಗಿದ. ಒಬ್ಬೊಬ್ಬರಾಗಿ ಹಳಬರೆಲ್ಲ ತಿರುಗಿದರು. ಕಿರಿಯರು ಏನಾಯಿತು ಎಂದು ಹಳಬರ ಮುಖ ನೋಡುತ್ತಿದ್ದರು. ಕೊಡೆ ದಿಬ್ಬ ಹತ್ತತೊಡಗಿತು, ಹಿಂದೆ ಬಾಲ್ತಜಾರನ ಕೋಲು, ಅದರ ಹಿಂದೆ ಇನ್ನೂ ನಾಲ್ಕೈದು ಜನ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಬಾಗಿಲನ್ನು ಇನ್ನಷ್ಟು ತೆರೆದು, ಗೋಣಿಯ ಚಿಂದಿಯನ್ನು ಹೊಸ್ತಿಲ ಮೇಲೆ, ನೀಲಿ ಗೆರೆ ಮೇಲಕ್ಕೆ ಕಾಣುವ ಹಾಗೆ ಇಟ್ಟು, ಪಕ್ಕದಲ್ಲಿ ಕೂತ.

ಬಾಲ್ತಜಾರ ಏದುಸಿರು ಬಿಡುತ್ತ ಬಂದು, ಕೋಲಿನ ಮೇಲೆ ಭಾರ ಬಿಟ್ಟು, ಕಣ್ಣು ಮುಚ್ಚಿ ನಿಂತ. ಹಬ್ಬದ ಆಟದಲ್ಲಿ ಕೇಳುತ್ತಿದ್ದ ಹಾಗೇ ಕೇಳಿದ.

"ಯಾರದಯ್ಯ ದನಿ?"

"ಒಲೆಗಾರಿಯೊಂದು" ಎಂದ ಫಿರ್ಮಿನೊ. "ಟೀಚರ್, ಕಾಗದ ತೆಗೀರಿ. ಬರ್ಕೊಳ್ಳಿ. ನಾಲ್ಕನೇ ಗಿರಣಿ. ಒಲೆಗಾರಿಯೊ ತವಾರಿಸ್ ಕುಡಿದಿರ್ಲಿಲ್ಲ, ಮಲಗಿದ್ದ. ಅವನ ಗಡಿಗೆಗಳ ಬಾಯಿಗೆ ಗೋಣಿ ತುರುಕಿದೋನು ಐದನೇ ಗಿರಣಿಯ ಫಿರ್ಮಿನೊ. ಹೀಗೇ ಬರೀರಿ, ನಯ ಮಾಡ್ಬೇಡಿ."

ಬಾಲ್ತಜಾರ ಕೋಲಿನ ತುದಿಯಿಂದ ಚಿಂದಿಯನ್ನು ತಿರುವಿ, ಗೆರೆ ನೋಡಿ, ಹೊಸ್ತಿಲ ಪಕ್ಕಕ್ಕೆ ಉಗಿದ. ಫಿರ್ಮಿನೊ ಕಾಲು ಹಿಂದಕ್ಕೆ ತೆಗೆಯಲಿಲ್ಲ. ಟೀಚರು ಅವನು ಹೇಳಿದ್ದನ್ನು ಬರೆದುಕೊಂಡರು. ಅವರು ಬರೆದದ್ದನ್ನು ಮತ್ತೆ ಓದಿಕೊಂಡರು, ಪದ ಎಣಿಸಿದರು. ಎಣಿಸುವುದೊಂದೇ ಅವರಿಗೆ ಆಗ ಸಾಧ್ಯವಿದ್ದ ಕೆಲಸ.

"ಇಷ್ಟು ಹಿಡಿಯಲ್ಲ, ಫಿರ್ಮಿನೊ" ಎಂದರು, ಸಣ್ಣ ದನಿಯಲ್ಲಿ. "ಬಿಲ್ಲೆ ಇರೋದೇ ಅಷ್ಟು."

"ನಮ್ಮಪ್ಪಂದು ನಾಲ್ಕು ಸಾಲಿದೆಯಲ್ಲ, ಎರಡು ತೆಗೀರಿ. ನನ್ನ ಕಿವಿ ಬಗ್ಗೆ ಬರ್ದಿರೋದು ಪೂರ್ತಿ ತೆಗೀರಿ. ಹಿಡಿಯುತ್ತೆ."

ಕೆಳಗೆ ವ್ಯಾನಿನವನು ಹಾರ್ನ್ ಒತ್ತಿದ. ಟೀಚರು ಗಿರಣಿಯ ಗೋಡೆಗೆ ಕಾಗದವನ್ನು ಆನಿಸಿ, ಪೆನ್ಸಿಲಿನಿಂದ ಮೊದಲ ಗೆರೆ ಹೊಡೆದರು. ಗಾಳಿ ಒಂದು ಮಟ್ಟ ಏರಿತು, ಗಡಿಗೆಯ ದನಿಯೂ ಏರಿತು. ಫಿರ್ಮಿನೊ ಎದ್ದು ಒಳಗೆ ಹೋಗಿ ಬ್ರೇಕನ್ನು ಒಂದು ಹಿಡಿ ಬಿಗಿ ಮಾಡಿದ, ಹಿಟ್ಟಿನ ಪೆಟ್ಟಿಗೆಗೆ ಮೊಣಕೈ ತನಕ ಕೈ ಹಾಕಿ ಸ್ವಲ್ಪ ಹೊತ್ತು ಹಾಗೇ ನಿಂತ. ತಣ್ಣಗಿತ್ತು.